ನಡುಮನೆ ನೆಲ: ಯಾವುದು ಕುಸಿತ, ಯಾವುದು ವಾಟ

ಅಪ್ಪನಿಗೆ ಸೊಂಟದ ಮೂಳೆ ಆಪರೇಷನ್ ಆಗಿ ಮನೆಗೆ ಬಂದ ಮೂರನೇ ದಿನ. ವಾಕರ್ ಹಿಡಿದು ನಡುಮನೆ ದಾಟಿ ಬಚ್ಚಲ ಕಡೆ ಹೊರಟಿದ್ದರು. ನೈರುತ್ಯ ಮೂಲೆಯ ಹತ್ತಿರ ವಾಕರ್‌ನ ಮೂರು ಕಾಲು ನೆಲಕ್ಕೆ ತಾಗಿದವು, ನಾಲ್ಕನೆಯದು ತಾಗಲಿಲ್ಲ. ಅವರು ಭಾರ ಹಾಕಿದ ಕೂಡಲೇ ಅದು ಟಕ್ಕೆಂದು ಆ ಕಡೆಗೆ ವಾಲಿತು. ನಾನು ಪಕ್ಕದಲ್ಲೇ ಇದ್ದದ್ದಕ್ಕೆ ಹಿಡಿದುಕೊಂಡೆ. ಅವತ್ತೇ ತೀರ್ಮಾನ ಮಾಡಿದೆ, ಈ ನೆಲ ಸರಿ ಮಾಡಿಸಲೇಬೇಕು, ಅದೂ ಯುಗಾದಿಯ ಒಳಗೆ.

ನಮ್ಮ ಮನೆ ಮಧುಗಿರಿಯಲ್ಲಿ, ಬೆಟ್ಟದ ಕಡೆಯ ಹಳೇ ಬೀದಿಯಲ್ಲಿ. 1978ರಲ್ಲಿ ಅಪ್ಪ ಕಟ್ಟಿಸಿದ್ದು. ಸೈಜುಗಲ್ಲಿನ ತಳಪಾಯ, ನಡುಮನೆಗೆ ಕೆಂಪು ಗಾರೆ ನೆಲ, ಸುತ್ತ ನಾಲ್ಕು ಇಂಚಿನ ಕಪ್ಪು ಅಂಚು. ನಡುಮನೆ ಪೂರ್ವ-ಪಶ್ಚಿಮ 14 ಅಡಿ, ಉತ್ತರ-ದಕ್ಷಿಣ 11 ಅಡಿ. ಬೀದಿ ಬಾಗಿಲು ಪೂರ್ವಕ್ಕೆ, ಬಚ್ಚಲು ಹಿಂದೆ ನೈರುತ್ಯಕ್ಕೆ ಅಂಟಿಕೊಂಡಿದೆ. ನಾನು ಇರುವುದು ತುಮಕೂರಿನಲ್ಲಿ, ಶನಿವಾರ ಭಾನುವಾರ ಮಾತ್ರ ಊರಿಗೆ ಬರುತ್ತೇನೆ. ಹಾಗಾಗಿ ಕೆಲಸವೆಲ್ಲ ವಾರಕ್ಕೊಂದು ಹೆಜ್ಜೆಯಂತೆ ನಡೆಯಿತು. ಈಗ ನೋಡಿದರೆ ಅದೇ ಒಳ್ಳೆಯದಾಯಿತು ಅನಿಸುತ್ತದೆ. ಪಟಪಟನೆ ಮುಗಿಸಲು ಹೋಗಿದ್ದರೆ ಮೊದಲು ಬಂದ ಮೇಸ್ತ್ರಿಯ ಮಾತು ಕೇಳಿಬಿಡುತ್ತಿದ್ದೆ.

ಆ ಮೇಸ್ತ್ರಿ ಬಂದು ಬಾಗಿಲಲ್ಲೇ ನಿಂತು ನೋಡಿ ಹೇಳಿದ್ದು ಇಷ್ಟು: "ಪೂರ್ತಿ ನೆಲಕ್ಕೆ ಎರಡಿಂಚು ಕಾಂಕ್ರೀಟ್ ಹೊಡೆದು ಮೇಲೆ ಟೈಲ್ಸ್ ಹಾಕಿಬಿಡೋಣ ಸಾರ್, ನಾಲ್ಕು ದಿನದ ಕೆಲಸ." ಅವರು ಹೋದ ಮೇಲೆ ಲೆಕ್ಕ ಹಾಕಿದೆ. 154 ಚದರಡಿ ಅಂದರೆ ಸುಮಾರು 14.3 ಚದರ ಮೀಟರ್. ಎರಡಿಂಚು ದಪ್ಪಕ್ಕೆ 0.7 ಘನ ಮೀಟರ್ ಕಾಂಕ್ರೀಟ್. ತೂಕ 1.7 ಟನ್ ಹತ್ತಿರ. ಒಂದು ಮೂಲೆ ಕುಸಿಯುತ್ತಿದೆ ಎಂದು ಗೊತ್ತಿದ್ದೂ ಆ ನೆಲದ ಮೇಲೆ ಇನ್ನೂ 1.7 ಟನ್ ಹೇರುವುದೇ? ಜೊತೆಗೆ ಹೊಸಿಲು ಎರಡಿಂಚು ಮುಳುಗುತ್ತದೆ, ಒಳಗಿನ ಎರಡು ಬಾಗಿಲೂ ಕೆಳಗೆ ಕೊಯ್ಯಬೇಕು, ಅಡುಗೆಮನೆಗೆ ಹೋಗುವಲ್ಲಿ ಹೊಸದೊಂದು ಮೆಟ್ಟಿಲು ಹುಟ್ಟುತ್ತದೆ. ವಾಕರ್ ಹಿಡಿದವರಿಗೆ ಎರಡಿಂಚಿನ ಮೆಟ್ಟಿಲು ಎಂದರೆ ಗೋಡೆ ಇದ್ದ ಹಾಗೆ.

ತಾನಾಗೇ ಹರಡಿ ಮಟ್ಟವಾಗುವ ಪುಡಿ ಬರುತ್ತದಲ್ಲ, ಸೆಲ್ಫ್ ಲೆವೆಲಿಂಗ್ ಕಾಂಪೌಂಡ್, ತುಮಕೂರಿನ ಅಂಗಡಿಯಲ್ಲಿ ಅದನ್ನೂ ವಿಚಾರಿಸಿದೆ. ಗಟ್ಟಿ ನೆಲದ ಮೇಲೆ ಐದೋ ಹತ್ತೋ ಮಿ.ಮೀ. ಏರುಪೇರು ಇದ್ದರೆ ಅದರಷ್ಟು ಸಲೀಸು ಬೇರೆ ಇಲ್ಲ. ಒಂದು ಚದರ ಮೀಟರಿಗೆ ಒಂದು ಮಿ.ಮೀ. ದಪ್ಪಕ್ಕೆ ಹೆಚ್ಚುಕಡಿಮೆ 1.7 ಕೆ.ಜಿ. ಪುಡಿ ಬೇಕು. ನಮ್ಮ ಗುಂಡಿಗೆ ಸರಾಸರಿ 30 ಮಿ.ಮೀ. ಎಂದರೂ 25 ಕೆ.ಜಿ.ಯ ಆರು ಚೀಲ. ಖರ್ಚು ಹಾಗಿರಲಿ, ಅದು ಮೇಲಿನ ಮುಖವನ್ನು ನಯ ಮಾಡುತ್ತದೆ ಅಷ್ಟೇ. ಕೆಳಗೆ ಮಣ್ಣು ಜಾರುತ್ತಿದ್ದರೆ ಅದೂ ಜೊತೆಗೇ ಇಳಿಯುತ್ತದೆ.

ಮೊದಲ ಶನಿವಾರ ಏನನ್ನೂ ಒಡೆಯಲಿಲ್ಲ, ಬರೀ ಅಳತೆ ತೆಗೆದೆ. ನೀರಿನ ಪೈಪಿನಲ್ಲಿ ಮಟ್ಟ ಹಿಡಿಯುವುದು ಎಲ್ಲ ಗಾರೆ ಕೆಲಸದವರಿಗೂ ಗೊತ್ತಿರುವ ವಿದ್ಯೆ. 30 ಅಡಿ ಪಾರದರ್ಶಕ ಪೈಪು ತಂದು, ನೀರಿಗೆ ಎರಡು ಹನಿ ಬಟ್ಟೆ ನೀಲಿ ಹಾಕಿ ತುಂಬಿಸಿದೆ. ನೀಲಿ ಇದ್ದರೆ ನೀರಿನ ತುದಿ ಗೋಡೆಯ ಸುಣ್ಣದ ಎದುರು ಸ್ಪಷ್ಟವಾಗಿ ಕಾಣುತ್ತದೆ. ಬಾಗಿಲ ಪಕ್ಕದಲ್ಲಿ ನೆಲದಿಂದ ಸರಿಯಾಗಿ 1000 ಮಿ.ಮೀ. ಎತ್ತರಕ್ಕೆ ಪೆನ್ಸಿಲ್ ಗೆರೆ ಎಳೆದೆ. ಅಲ್ಲಿಂದ ಅದೇ ಮಟ್ಟವನ್ನು ಗೋಡೆಯ ಸುತ್ತ ಹತ್ತು ಕಡೆ ಗುರುತು ಮಾಡಿಕೊಂಡು ಬಂದೆ. ಒಂದು ತುದಿ ಅಮ್ಮ ಹಿಡಿದರು, ಇನ್ನೊಂದು ನಾನು.

ಸುತ್ತು ಹಾಕಿ ಶುರುವಾದ ಜಾಗಕ್ಕೆ ಬಂದಾಗ ಮೊದಲ ಗೆರೆಗೂ ಕೊನೇ ಗೆರೆಗೂ 9 ಮಿ.ಮೀ. ವ್ಯತ್ಯಾಸ. ನೀರು ಸುಳ್ಳು ಹೇಳುವುದಿಲ್ಲ, ಹಾಗಾದರೆ ತಪ್ಪು ಎಲ್ಲಿ? ಪೈಪನ್ನು ಅಂಗುಲ ಅಂಗುಲವೂ ಬೆಳಕಿಗೆ ಹಿಡಿದು ನೋಡಿದೆ. ಅಡುಗೆಮನೆ ಹೊಸಿಲ ಮೇಲೆ ಹಾದು ಬರುವ ಜಾಗದಲ್ಲಿ, ಪೈಪು ಗೂನು ಬಿದ್ದ ಕಡೆ, ಹುರುಳಿಕಾಳು ಉದ್ದದ ಗುಳ್ಳೆಗಳು ಸಾಲಾಗಿ ಸೇರಿ ಒಂದು ಬೆರಳುದ್ದ ಗಾಳಿ ನಿಂತಿತ್ತು. ನೀರೆಲ್ಲ ಚೆಲ್ಲಿ, ಮಹಡಿ ಮೆಟ್ಟಿಲ ಮೇಲಿಟ್ಟ ಬಕೆಟ್‌ನಿಂದ ನಿಧಾನವಾಗಿ ಇಳಿಸಿ ಮತ್ತೆ ತುಂಬಿಸಿದೆ. ಅಳತೆಗೆ ಮುಂಚೆ ಎರಡೂ ತುದಿಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದು ನೋಡಬೇಕು. ಎರಡರಲ್ಲೂ ನೀರು ಒಂದೇ ಸಮ ನಿಂತರೆ ಮಾತ್ರ ಮುಂದಿನ ಕೆಲಸ. ಗುರುತು ಹಾಕುವಾಗ ಯಾವ ತುದಿಗೂ ಹೆಬ್ಬೆರಳು ಮುಚ್ಚಿರಬಾರದು. ಎರಡನೇ ಸುತ್ತು 1 ಮಿ.ಮೀ. ಒಳಗೆ ಮುಗಿಯಿತು.

ಆಮೇಲೆ ಎದುರುಬದುರು ಗುರುತುಗಳಿಗೆ ಮೊಳೆ ಹೊಡೆದು ದಾರ ಬಿಗಿದು, ಎರಡೆರಡು ಅಡಿಗೆ ಒಂದರಂತೆ 48 ಕಡೆ ದಾರದಿಂದ ನೆಲಕ್ಕೆ ಟೇಪು ಇಳಿಸಿ ಅಳೆದೆ. ಅಂಕಿಯನ್ನು ಆಯಾ ಜಾಗದಲ್ಲೇ ಸೀಮೆಸುಣ್ಣದಲ್ಲಿ ಬರೆದೆ. ಅಂಕಿ ಹೆಚ್ಚಾದಷ್ಟೂ ನೆಲ ತಗ್ಗು. ಬಾಗಿಲ ಹತ್ತಿರ 1000. ಕೋಣೆಯ ನಡುವೆ 992. ವಾಯುವ್ಯ ಮೂಲೆಯಲ್ಲಿ 985. ನೈರುತ್ಯ ಮೂಲೆಯಲ್ಲಿ 1041.

ಕುಸಿದ ಮೂಲೆ ಕಣ್ಣಿಗೆ ಗೊತ್ತಿದ್ದದ್ದೇ. ನನ್ನ ತಲೆ ಕೆಡಿಸಿದ್ದು ಉಳಿದ ಅಂಕಿಗಳು. ಚೆನ್ನಾಗಿದೆ ಅಂದುಕೊಂಡಿದ್ದ ಕಡೆಯೂ ನೆಲ ಮಟ್ಟವಾಗಿಲ್ಲ. ಹಿಂದಿನ ಗೋಡೆಯಿಂದ ಬಾಗಿಲಿಗೆ 15 ಮಿ.ಮೀ. ಇಳಿಜಾರು. ಹಾಗಾದರೆ ಪೂರ್ತಿ ಮನೆಯೇ ಮುಂದಕ್ಕೆ ವಾಲುತ್ತಿದೆಯೇ ಎಂದು ರಾತ್ರಿ ನಿದ್ದೆ ಬರಲಿಲ್ಲ. ಅಮ್ಮನದು ಬೇರೆ ಚಿಂತೆ. ನೈರುತ್ಯ ತಗ್ಗಿದರೆ ಯಜಮಾನನಿಗೆ ಆಗಿಬರುವುದಿಲ್ಲ ಎಂದು ಯಾರೋ ಹೇಳಿಹೋಗಿದ್ದರು. ಅಪ್ಪ ಬಿದ್ದದ್ದು ತೋಟದಲ್ಲಿ, ಆದರೂ ಆ ಮಾತು ಅಮ್ಮನ ಮನಸ್ಸಿನಲ್ಲಿ ಕೂತಿತ್ತು. ನಾನು ವಾದ ಮಾಡಲಿಲ್ಲ. ಯಾವ ಕಾರಣಕ್ಕಾದರೂ ಆ ಮೂಲೆ ಏಳಬೇಕಿತ್ತು.

ಮರುದಿನ ಕೊರಟಗೆರೆ ಕಡೆಯ ಹಿರಿಯ ಮೇಸ್ತ್ರಿಯೊಬ್ಬರನ್ನು ಚಿಕ್ಕಪ್ಪ ಕರೆದುಕೊಂಡು ಬಂದರು. ಅರವತ್ತು ದಾಟಿದ ವಯಸ್ಸು, ಕೆಂಪು ಗಾರೆ ನೆಲ ಕೈಯಾರೆ ಹಾಕಿದವರು. ಅವರು ಮೊದಲು ನೆಲ ನೋಡಲೇ ಇಲ್ಲ. ಹೊಸಿಲ ಮೂಲೆಯಲ್ಲಿ ಬಗ್ಗಿ ಏನೋ ಹುಡುಕಿ, ಬಣ್ಣ ಬಳಿದು ಮುಚ್ಚಿಹೋಗಿದ್ದ ಒಂದು ತೂತನ್ನು ಬೆರಳಲ್ಲಿ ಕೆರೆದು ತೋರಿಸಿದರು.

"ನೋಡಿ ಸಾಮಿ, ನೀರೋಗೋ ತೂತು. ಹಬ್ಬದಲ್ಲಿ ನೆಲ ತೊಳೆದ್ರೆ ನೀರು ಇಲ್ಲಿಗೆ ಬರ್ಬೇಕು ಅಂತ ವಾಟ ಕೊಟ್ಟವ್ರೆ. ಇದು ತಪ್ಪಲ್ಲ, ಬೇಕಂತ್ಲೆ ಮಾಡಿರೋದು."

ನನ್ನ ಅಂಕಿಗಳನ್ನು ಮತ್ತೆ ನೋಡಿದೆ. ಹಿಂದೆ 985, ನಡುವೆ 992, ಬಾಗಿಲಲ್ಲಿ 1000. ಏಳಡಿಗೆ ಏಳೆಂಟು ಮಿ.ಮೀ., ಎರಡೂ ಅರ್ಧಕ್ಕೆ ಒಂದೇ ಇಳಿಜಾರು. ನಲವತ್ತೈದು ವರ್ಷ ಹಿಂದೆ ಯಾರೋ ಒಬ್ಬರು ಬರೀ ದಾರ ಮತ್ತು ಮಟ್ಟದ ಮೇಲೆ ಕೊಟ್ಟ ವಾಟ ಇವತ್ತಿಗೂ ಹಾಗೇ ಇದೆ. ಅಂದಮೇಲೆ ನೈರುತ್ಯ ಮೂಲೆಯೂ ಕಟ್ಟಿದಾಗ 985ರ ಹತ್ತಿರವೇ ಇದ್ದಿರಬೇಕು. ಈಗ 1041. ಕುಸಿದದ್ದು 56 ಮಿ.ಮೀ., ಅದೂ ಆ ಮೂಲೆಯಲ್ಲಿ ಮಾತ್ರ.

ಇದು ತಿಳಿದ ಮೇಲೆ ಮಾಡಬೇಕಾದ ಕೆಲಸವೇ ಬದಲಾಯಿತು. ನಾನು ಅಷ್ಟು ಹೊತ್ತು ನೆಲವನ್ನು ರಸಮಟ್ಟದ ಗುಳ್ಳೆ ನಡುವೆ ನಿಲ್ಲುವ ಹಾಗೆ ಮಾಡಬೇಕು ಅಂದುಕೊಂಡಿದ್ದೆ. ವಾಕರ್‌ಗೆ ಅದು ಬೇಕಾಗಿಲ್ಲ. ನೆಲ ಒಂದೇ ಸಮನಾಗಿ ಓರೆ ಇದ್ದರೆ ನಾಲ್ಕು ಕಾಲೂ ಒಟ್ಟಿಗೇ ಕೂರುತ್ತವೆ. ತೊಂದರೆ ಕೊಡುವುದು ಓರೆ ಅಲ್ಲ, ಓರೆ ದಾರಿ ತಪ್ಪಿ ಗುಂಡಿಯಾಗುವ ಜಾಗ. ಪೂರ್ತಿ ಮಟ್ಟ ಮಾಡಿಸಿದ್ದರೆ ಅಮ್ಮ ನೆಲ ತೊಳೆದ ನೀರು ಎಲ್ಲಿಗೂ ಹೋಗದೆ ನಡುವೆ ನಿಲ್ಲುತ್ತಿತ್ತು. ಒದ್ದೆ ನೆಲ, ಎಪ್ಪತ್ತೆಂಟು ವರ್ಷದ ಅಪ್ಪ. ಯೋಚಿಸಿಯೇ ಭಯವಾಯಿತು.

ಹಾಗಾಗಿ ಪೂರ್ವದ ಅರ್ಧ, ಬಾಗಿಲಿಂದ ಏಳೂವರೆ ಅಡಿ, ಮುಟ್ಟುವುದು ಬೇಡ ಎಂದಾಯಿತು. ಆರಡಿ ಅಲ್ಯೂಮಿನಿಯಂ ಪಟ್ಟಿ ಇಟ್ಟು ನೋಡಿದರೆ ಅಲ್ಲಿ ಎಲ್ಲೂ 3 ಮಿ.ಮೀ.ಗಿಂತ ಹೆಚ್ಚು ಬೆಳಕು ಕಾಣಲಿಲ್ಲ. (ಪಟ್ಟಿಯೇ ನೆಟ್ಟಗಿದೆಯಾ ಎಂದು ಮೊದಲು ನೋಡಿಕೊಳ್ಳಿ. ಅದರಂಚಿಗೆ ಗೆರೆ ಎಳೆದು, ಪಟ್ಟಿಯನ್ನು ಮಗುಚಿ ಅದೇ ಗೆರೆಗೆ ಹಿಡಿದರೆ ಗೊತ್ತಾಗುತ್ತದೆ.) ಹಿಂದಿನ ಆರೂವರೆ ಅಡಿಯ ಗಾರೆ ಕಿತ್ತು ಹೊಸದಾಗಿ ಹಾಕುವುದು. ಹಳೇದು ಹೊಸದು ಸೇರುವ ಕಡೆ ಅಂಚಿನ ಹಾಗೇ ಒಂದು ಕಪ್ಪು ಪಟ್ಟಿ ಬರಲಿ. ಹೊಸ ಕೆಂಪು ಹಳೆಯ ಕೆಂಪಿಗೆ ಎಂದೂ ಹೊಂದುವುದಿಲ್ಲ, ನಡುವೆ ಕಪ್ಪು ಬಂದರೆ ಕಣ್ಣಿಗೆ ಒಪ್ಪುತ್ತದೆ. ಇದು ಅಮ್ಮ ಹೇಳಿದ ಉಪಾಯ.

ಟೊಳ್ಳು ಎಲ್ಲಿಂದ ಎಲ್ಲಿಗೆ ಇದೆ ಎಂದು ಗುರುತಿಸಿದ್ದೂ ಅಮ್ಮನೇ. ಕಬ್ಬಿಣದ ರಾಡಿನ ಹಿಂಬದಿಯಿಂದ ಮೆಲ್ಲಗೆ ತಟ್ಟುತ್ತಾ ಹೋದರು. ನಮ್ಮ ಕಡೆ ಹಲಸಿನಹಣ್ಣು ತಟ್ಟಿ ನೋಡಿ ಬೆಳೆದ ಕಿವಿ ಅದು. ಗಟ್ಟಿ ಇದ್ದ ಕಡೆ ಟಣ್ಣೆನ್ನುತ್ತಿತ್ತು, ಟೊಳ್ಳಿದ್ದ ಕಡೆ ಬುದ್ದೆನ್ನುತ್ತಿತ್ತು. ಸದ್ದು ಬದಲಾದಲ್ಲೆಲ್ಲ ಸೀಮೆಸುಣ್ಣದ ಚುಕ್ಕೆ. ಚುಕ್ಕೆ ಸೇರಿಸಿದಾಗ ಆರಡಿ ಉದ್ದ, ಐದಡಿ ಅಗಲದ ಜಾಗ ಆಯಿತು.

ಎರಡನೇ ಶನಿವಾರ ಒಡೆತ. ಅಪ್ಪನ ಮಂಚ ಮುಂದಿನ ರೂಮಿಗೆ ಹೋಯಿತು. ಉಳಿಸುವ ಭಾಗಕ್ಕೆ ಪೆಟ್ಟು ಬೀಳಬಾರದು ಎಂದು ಮೊದಲು ಗಡಿಗೆರೆಯಲ್ಲಿ ಕಟ್ಟರ್ ಹಿಡಿದು ಒಂದಿಂಚು ಆಳಕ್ಕೆ ಕೊಯ್ದೆವು. ಒಬ್ಬರು ಕೊಯ್ಯುತ್ತಾ ಹೋದರೆ ಇನ್ನೊಬ್ಬರು ಬಾಟಲಿಯಿಂದ ನೀರು ಬಿಡುತ್ತಿದ್ದರು, ಇಲ್ಲದಿದ್ದರೆ ಆ ಧೂಳಿನಲ್ಲಿ ಮನೆಯಲ್ಲಿರಲು ಆಗುವುದಿಲ್ಲ. ಆಮೇಲೆ ಚಾಣ ಸುತ್ತಿಗೆ. ಮೇಲಿನ ಕೆಂಪು ಗಾರೆ 30 ಮಿ.ಮೀ. ದಪ್ಪ ಇತ್ತು. ಅದರ ಕೆಳಗೆ ಮೂರು ಇಂಚು ಸುಣ್ಣದ ಜಲ್ಲಿ. ವಾಯುವ್ಯದ ಕಡೆ ಆ ಸುಣ್ಣದ ಜಲ್ಲಿ ಕಲ್ಲಿನಂತೆ ಕೂತಿತ್ತು, ಅದನ್ನು ಹಾಗೇ ಬಿಟ್ಟೆವು.

ನೈರುತ್ಯದಲ್ಲಿ ಜಲ್ಲಿಯ ಒಂದು ತುಂಡು ಎತ್ತಿದ ಮೇಲೆ ಕತ್ತಲು. ಕೈ ಬಿಟ್ಟರೆ ಮೊಣಕೈವರೆಗೂ ಒಳಗೆ ಹೋಯಿತು. ಒಳಗಿನ ಮಣ್ಣು ತಣ್ಣಗೆ, ಬೆರಳಿಗೆ ಅಂಟುವಷ್ಟು ಒದ್ದೆ. ಫೆಬ್ರವರಿ ಕೊನೆ, ಹೊರಗೆ ಮಣ್ಣೆಲ್ಲ ಒಣಗಿ ಬಿರಿದಿದೆ, ಇಲ್ಲಿ ಮಾತ್ರ ಸೋಪಿನ ವಾಸನೆಯ ಹಸಿ. ದಕ್ಷಿಣದ ಗೋಡೆ ಬುಡದ ಕಡೆಗೆ ಹೆಗ್ಗಣದ ಬಿಲ ಹೋಗಿತ್ತು.

ಬಿಲ ಒಂದೇ ಕಾರಣ ಅಂದುಕೊಂಡು ಮುಚ್ಚಲು ಹೊರಟವನನ್ನು ಮೇಸ್ತ್ರಿ ತಡೆದರು. ಪೈಪಿಗೆ ತಂದಿದ್ದ ಬಟ್ಟೆ ನೀಲಿ ಉಳಿದಿತ್ತಲ್ಲ, ಅದನ್ನು ಒಂದು ಬಕೆಟ್ ನೀರಿಗೆ ಕದಡಿ ಬಚ್ಚಲಲ್ಲಿ ಸುರಿದೆವು. ಗುಂಡಿಯ ಹತ್ತಿರ ಟಾರ್ಚ್ ಹಿಡಿದು ಕೂತೆ. ಸುಮಾರು ಇಪ್ಪತ್ತು ನಿಮಿಷಕ್ಕೆ ಬಿಲದ ಬಾಯಲ್ಲಿ ಮಣ್ಣಿನ ಬಣ್ಣ ಗಾಢವಾಯಿತು. ಆಮೇಲೆ ಒಂದು ನೀಲಿ ಎಳೆ ಜಿನುಗಿ ಕೆಳಗಿಳಿಯಿತು. ಬಚ್ಚಲಿನ ನೀರು ಹೊರಹೋಗುವ ಹಳೇ ಪೈಪಿನ ಜೋಡಣೆ ಗೋಡೆಯ ಒಳಗೇ ಬಾಯಿ ಬಿಟ್ಟಿತ್ತು. ಹೆಗ್ಗಣ ದಾರಿ ಮಾಡಿಕೊಟ್ಟಿದೆ, ನೀರು ದಿನಾ ಒಂದಿಷ್ಟು ನುಣುಪು ಮಣ್ಣನ್ನು ಆ ದಾರಿಯಲ್ಲೇ ಹೊರಗೆ ಸಾಗಿಸಿದೆ. ಎಷ್ಟು ವರ್ಷದಿಂದಲೋ. ನಾವು ಮೇಲೆ ಬೀರು ಇಟ್ಟು, ಅದರ ಕಾಲಿಗೆ ಮಡಿಸಿದ ರಟ್ಟು ಕೊಟ್ಟು, ವರ್ಷಕ್ಕೊಂದು ಸಲ ರಟ್ಟು ದಪ್ಪ ಮಾಡುತ್ತಾ ಬಂದಿದ್ದೆವು.

ಇದರ ಮೇಲೆ ಎರಡಿಂಚು ಕಾಂಕ್ರೀಟ್ ಬಿದ್ದಿದ್ದರೆ? ಆ ಪೈಪು ಇನ್ನು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಪೈಪಿನ ಕೆಲಸ ಬೇಗ ಮುಗಿಯಿತು. ಮೂರಿಂಚಿನ ಪಿವಿಸಿ ಹೊಸದಾಗಿ, ನಾಲ್ಕಡಿಗೆ ಒಂದಿಂಚು ವಾಟ, ಗೋಡೆಯ ಒಳಗೆ ಜೋಡಣೆಯೇ ಇಲ್ಲದ ಹಾಗೆ ಒಂದೇ ಉದ್ದ. ಮಳೆಗಾಲದಲ್ಲಿ ಬೆಟ್ಟದ ಬಂಡೆ ಮೇಲೆ ಬಿದ್ದ ನೀರು ಇಂಗಲು ಮಣ್ಣಿಲ್ಲದೆ ಹಾಗೇ ಜಾರಿ ನಮ್ಮ ಹಿತ್ತಲ ಕಡೆಗೂ ಬರುತ್ತದೆ. ಅದಕ್ಕೆ ಗೋಡೆಗುಂಟ ಹೊರಗೆ ಎರಡಡಿ ಅಗಲ ಕಾಂಕ್ರೀಟ್ ಹಾಸಿ ವಾಟವನ್ನು ಮನೆಯಿಂದ ಆಚೆಗೆ ಕೊಟ್ಟೆವು. ಬಿಲಕ್ಕೆ ಗಾಜಿನ ಚೂರು, ಕಲ್ಲುಚಕ್ಕೆ ತುರುಕಿ ಸಿಮೆಂಟ್ ಮಾಲು ಗಿಡಿದು ಮುಚ್ಚಿದರು. ಒಳಗಿನ ಗುಂಡಿಯನ್ನು ಒಂದು ವಾರ ತೆರೆದೇ ಬಿಟ್ಟೆ. ದಿನಾ ಫ್ಯಾನು ಹಾಕಿ ಎಂದು ಅಮ್ಮನಿಗೆ ಹೇಳಿದ್ದೆ. ಮುಂದಿನ ಶನಿವಾರ ಬಂದಾಗ ಮಣ್ಣು ಕೈಯಲ್ಲಿ ಪುಡಿಯಾಗುತ್ತಿತ್ತು, ಸೋಪಿನ ವಾಸನೆ ಹೋಗಿತ್ತು.

ಇನ್ನು ತುಂಬುವ ಕೆಲಸ. ನನ್ನ ಪ್ರಕಾರ ನೆಲದ ಆಯಸ್ಸು ನಿಂತಿರುವುದು ಇಲ್ಲಿ. ಕಾಂಕ್ರೀಟಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಮಣ್ಣಿನ ಬಗ್ಗೆ ಯಾರೂ ಆಡುವುದಿಲ್ಲ. ಸಡಿಲ ಮಣ್ಣೆಲ್ಲ ತೆಗೆದು ಒಂದಡಿ ಕೆಳಗೆ ಗಟ್ಟಿ ನೆಲ ಸಿಗುವವರೆಗೂ ಹೋದೆವು. ಟೊಳ್ಳು ಎಲ್ಲಿ ಮುಗಿಯಿತೋ ಅಲ್ಲಿಂದ ಇನ್ನೂ ಆರಿಂಚು ಅಗಲ ಬಿಡಿಸಿದೆವು, ಹೊಸ ಕಾಂಕ್ರೀಟಿನ ಅಂಚು ಹಳೇ ಗಟ್ಟಿ ಮಣ್ಣಿನ ಮೇಲೆ ಕೂರಬೇಕು ಎಂದು. ತುಂಬಲು ತಂದದ್ದು ಸಣ್ಣ ಕಲ್ಲು ಬೆರೆತ ಗೊರಚು ಮಣ್ಣು, ಹೊಲದ ಮಣ್ಣಲ್ಲ.

ಮಣ್ಣಿಗೆ ಎಷ್ಟು ನೀರು ಹಾಕಬೇಕು ಎಂಬುದನ್ನು ಮೇಸ್ತ್ರಿ ಕೈಯಲ್ಲೇ ತೋರಿಸಿದರು. ಒಂದು ಹಿಡಿ ತೆಗೆದು ಅಮುಕಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಬರಬಾರದು. ಆ ಉಂಡೆಯನ್ನು ಸೊಂಟದೆತ್ತರದಿಂದ ಕೈಬಿಟ್ಟರೆ ಎರಡು ಮೂರು ತುಂಡಾಗಬೇಕು. ಪುಡಿಯಾದರೆ ನೀರು ಸಾಲದು. ಹಪ್ಪಳದಂತೆ ಚಪ್ಪಟೆ ಬಿದ್ದರೆ ಹೆಚ್ಚಾಯಿತು. ನಾನು ನಾಲ್ಕು ಸಲ ಮಾಡಿ ನೋಡಿದ ಮೇಲೆ ಕೈಗೆ ಅಂದಾಜು ಬಂತು. ನಾಲ್ಕಿಂಚು ಮಣ್ಣು ಹರಡುವುದು, ದಿಮ್ಮಸು ಹಾಕಿ ಕುಟ್ಟುವುದು, ಮತ್ತೆ ನಾಲ್ಕಿಂಚು. ಒಂದಡಿ ಒಟ್ಟಿಗೆ ಸುರಿದು ಮೇಲೆ ಕುಟ್ಟಿದರೆ ಪೆಟ್ಟು ಕೆಳಗಿನವರೆಗೂ ಹೋಗುವುದಿಲ್ಲ. ಮೇಲೆ ಗಟ್ಟಿ ಕಾಣುತ್ತದೆ, ಒಳಗೆ ಹತ್ತಿ. ದಿಮ್ಮಸಿನ ಸದ್ದು ಮೊದಲು ಮೆತ್ತಗೆ ಇರುತ್ತದೆ, ಕುಟ್ಟುತ್ತಾ ಹೋದಂತೆ ಗಡುಸಾಗುತ್ತದೆ, ಒಂದು ಹಂತದಲ್ಲಿ ದಿಮ್ಮಸೇ ಕೈಗೆ ವಾಪಸು ಎಗರುತ್ತದೆ. ಅಲ್ಲಿಗೆ ಆ ಪದರ ಮುಗಿಯಿತು. ಕೊನೆಗೆ 12 ಎಂಎಂ ಕಬ್ಬಿಣದ ಸರಳು ಹಿಡಿದು ಮೈಭಾರ ಹಾಕಿ ಐದಾರು ಕಡೆ ಚುಚ್ಚಿದೆ. ಒಂದು ಕಡೆ, ಗೋಡೆಯ ಮಗ್ಗುಲಲ್ಲಿ, ಮೂರಿಂಚು ಇಳಿಯಿತು. ಅಲ್ಲಿ ದಿಮ್ಮಸು ತಿರುಗಿಸಲು ಜಾಗ ಇರಲಿಲ್ಲ. ಅಷ್ಟನ್ನು ಮತ್ತೆ ತೋಡಿ ಮರದ ತುಂಡಿಟ್ಟು ಸುತ್ತಿಗೆಯಲ್ಲಿ ಕುಟ್ಟಿದೆವು.

ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮೂರಿಂಚು ಬೆಡ್ ಕಾಂಕ್ರೀಟ್. ಒಂದು ಸಿಮೆಂಟಿಗೆ ನಾಲ್ಕು ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು), ಎಂಟು ಜಲ್ಲಿ. ಅಷ್ಟು ಜಾಗಕ್ಕೆ ಒಂದು ಮೂಟೆ ಸಿಮೆಂಟೂ ಪೂರ್ತಿ ಖರ್ಚಾಗಲಿಲ್ಲ. ಒದ್ದೆ ಗೋಣಿ ಹೊದಿಸಿ ಒಂದು ವಾರ ಬಿಟ್ಟೆವು. ಆ ವಾರ ದಂಡಿನ ಮಾರಮ್ಮನ ಜಾತ್ರೆಗೆಂದು ಮನೆಗೆ ನೆಂಟರು ಬಂದಿದ್ದರು, ಎಲ್ಲರೂ ಗೋಣಿ ದಾಟಿಕೊಂಡೇ ಓಡಾಡಿದರು.

ನಾಲ್ಕನೇ ವಾರಾಂತ್ಯ ಗಾರೆ. ಉಳಿಸಿಕೊಂಡ ಸುಣ್ಣದ ಜಲ್ಲಿಯ ಮೇಲೆ ಚಾಣದಿಂದ ಕಚ್ಚು ಹಾಕಿ, ಧೂಳು ಗುಡಿಸಿ, ಹಿಂದಿನ ರಾತ್ರಿಯೇ ನೀರು ಕುಡಿಸಿದ್ದೆವು. ಒಣ ನೆಲ ಹೊಸ ಗಾರೆಯ ನೀರನ್ನು ಎಳೆದುಬಿಟ್ಟರೆ ಗಾರೆ ಕಚ್ಚುವುದಿಲ್ಲ. ಹಳೇ ಬೆಡ್ಡೂ ಹೊಸ ಬೆಡ್ಡೂ ಸೇರುವ ಗೆರೆಯ ಮೇಲೆ ಒಂದಡಿ ಅಗಲ ಕೋಳಿ ಜಾಲರಿ ಹಾಸಿದೆವು, ಬಿರುಕು ಅಲ್ಲಿಂದಲೇ ಏಳಬಾರದು ಎಂದು. ಗಾರೆ ಒಂದು ಸಿಮೆಂಟಿಗೆ ಮೂರು ಮರಳು, 25 ಮಿ.ಮೀ. ದಪ್ಪ. ಇದಕ್ಕಿಂತ ತೆಳುವಾದರೆ ಹಪ್ಪಳದಂತೆ ಎದ್ದು ಬರುತ್ತದೆ, ಅದಕ್ಕೇ ಹಳೇ ನೆಲದ ಮೇಲೆ ತೇಪೆ ಹಾಕದೆ 30 ಮಿ.ಮೀ. ಕಿತ್ತು ಜಾಗ ಮಾಡಿಕೊಂಡದ್ದು.

ಮಟ್ಟದ ಗುರುತಿಗೆ ಹೆಂಚಿನ ಚೂರುಗಳನ್ನು ಮಾಲಿನ ಮೇಲೆ ಕೂರಿಸಿದೆವು. ಪಶ್ಚಿಮದ ಗೋಡೆಗುಂಟ ಎಲ್ಲ ಚೂರೂ ಗೆರೆಯಿಂದ 990ಕ್ಕೆ, ಗಡಿಗೆರೆಯ ಕಡೆ 997ಕ್ಕೆ. ಮೇಲಿನ ಬಣ್ಣದ ಪದರ 5 ಮಿ.ಮೀ. ಬಂದಾಗ ಅದು 985, 992 ಆಗುತ್ತದೆ. ಹಳೇ ಮೇಸ್ತ್ರಿ ಕೊಟ್ಟ ವಾಟವೇ, ಒಂದು ಮಿ.ಮೀ. ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಚೂರಿಂದ ಚೂರಿಗೆ ಪಟ್ಟಿ ಎಳೆದು ಗಾರೆ ಕೊಚ್ಚಿ, ಚೂರು ಕಿತ್ತ ಜಾಗ ತುಂಬಿ, ಮೇಲೆ ಬಣ್ಣ ಹಿಡಿಯಲೆಂದು ಮುಖವನ್ನು ಒರಟಾಗಿಯೇ ಬಿಟ್ಟರು. ನೀರು ಬಿದ್ದ ಮಾಲನ್ನು ಅರ್ಧ ಗಂಟೆಯ ಒಳಗೆ ಮುಗಿಸಬೇಕು. ಅದಕ್ಕೇ ಒಂದೊಂದು ಬಾಂಡ್ಲಿ ಮಾತ್ರ ಕಲಸುತ್ತಿದ್ದರು.

ಕೆಂಪು ಪದರವನ್ನು ಅವತ್ತೇ ಸಂಜೆ, ಕೆಳಗಿನ ಗಾರೆ ಹೆಬ್ಬೆರಳು ಒತ್ತಿದರೆ ಗುರುತು ಬೀಳುವಷ್ಟು ಹಸಿ ಇರುವಾಗಲೇ ಹಾಕಿದ್ದು. ಸಿಮೆಂಟು, ಜರಡಿ ಹಿಡಿದ ಪಿ ಸ್ಯಾಂಡು (ಎಂ ಸ್ಯಾಂಡ್‌ಗಿಂತ ನಯವಾದ ಮರಳು) ಸಮಸಮ. 30 ಕೆ.ಜಿ. ಸಿಮೆಂಟಿಗೆ ಎರಡೂವರೆ ಕೆ.ಜಿ. ಕೆಂಪು ಆಕ್ಸೈಡ್. ಬಣ್ಣ ಗಾಢ ಬರಲಿ ಎಂದು ಇನ್ನೂ ಸುರಿಯಲು ಮನಸ್ಸಾಗುತ್ತದೆ, ಆದರೆ ಸಿಮೆಂಟಿನ ತೂಕದ ಹತ್ತನೇ ಒಂದು ಭಾಗ ಮೀರಿದರೆ ನೆಲದ ಗಟ್ಟಿತನ ಇಳಿಯುತ್ತದೆ. ಮುಖ್ಯವಾದದ್ದು, ಪೂರ್ತಿ ಜಾಗಕ್ಕೆ ಬೇಕಾದಷ್ಟನ್ನೂ ಒಣದಾಗಿಯೇ ಒಂದೇ ಸಲ ಕಲಸಿ, ಎರಡು ಸಲ ಜರಡಿ ಹಿಡಿದು ಇಟ್ಟುಕೊಳ್ಳಬೇಕು. ಬೇಕಾದಷ್ಟು ತೆಗೆದು ನೀರು ಹಾಕಿಕೊಂಡರೆ ಒಂದು ಬಾಂಡ್ಲಿಗೂ ಇನ್ನೊಂದಕ್ಕೂ ಬಣ್ಣ ಬೇರೆಯಾಗುವುದಿಲ್ಲ. ಕಪ್ಪು ಪಟ್ಟಿಗೂ ಅಂಚಿಗೂ ಬೇರೆ ಕಲಸಿದರು.

ತಪ್ಪಾದದ್ದು ಕಿಟಕಿಯ ಬಳಿ, ಎರಡಡಿ ಜಾಗದಲ್ಲಿ. ಅಲ್ಲಿ ಮೇಲೆ ನೀರು ತೇಲಿತ್ತು. ಬೇಗ ನಯ ಬರಲಿ ಎಂದು ಸಹಾಯಕ್ಕೆ ಬಂದಿದ್ದ ಹುಡುಗ ಒಣ ಸಿಮೆಂಟು ಉದುರಿಸಿ ಕರಣೆ ಎಳೆದ. ನಾನು ಪಕ್ಕದಲ್ಲೇ ಇದ್ದೆ, ಬೇಡ ಅನ್ನಲು ನನಗೆ ತಿಳಿದಿರಲಿಲ್ಲ. ಕಿಟಕಿ ಮುಚ್ಚಲೂ ಇಲ್ಲ, ಮಾರ್ಚ್ ತಿಂಗಳ ಒಣಗಾಳಿ ರಾತ್ರಿಯೆಲ್ಲ ಬೀಸಿತು. ಬೆಳಗ್ಗೆ ನೋಡಿದರೆ ಅಲ್ಲಿ ಮಾತ್ರ ಜೇಡರ ಬಲೆಯಂತೆ ಕೂದಲೆಳೆ ಬಿರುಕು. ಮೇಸ್ತ್ರಿ ಉಗುರಲ್ಲಿ ಕೆರೆದು ನೋಡಿ, ಮೇಲ್ಮೈ ಬಿರುಕು ಅಷ್ಟೇ, ಕೆಳಗಿಳಿದಿಲ್ಲ ಎಂದರು. ಕಿತ್ತು ಹಾಕಿದರೆ ಮತ್ತೊಂದು ಜೋಡಣೆ ಹುಟ್ಟುತ್ತದೆ. ಬಣ್ಣದ ಸಿಮೆಂಟ್ ಹಾಲು ತಿಕ್ಕಿ ಬಿಟ್ಟಿದ್ದೇವೆ. ಬೆಳಕು ಅಡ್ಡ ಬಿದ್ದಾಗ ಈಗಲೂ ಕಾಣುತ್ತದೆ. ತೇಲಿದ ನೀರು ತಾನಾಗಿ ಆರುವವರೆಗೂ ಕಾಯಬೇಕಿತ್ತು, ಕಿಟಕಿಗೆ ಗೋಣಿ ಕಟ್ಟಬೇಕಿತ್ತು.

ಮರುದಿನದಿಂದ ಸುತ್ತ ಮಣ್ಣಿನ ಕಟ್ಟೆ ಕಟ್ಟಿ ಒಂದಿಂಚು ನೀರು ನಿಲ್ಲಿಸಿದೆವು, ಹತ್ತು ದಿನ. ಕೆಂಪು ನೆಲದ ಮೇಲೆ ಗೋಣಿ ಹಾಕಿದರೆ ಕಲೆ ಉಳಿಯಬಹುದು, ಬರೀ ನೀರೇ ಒಳ್ಳೆಯದು. ಅಮ್ಮ ದಿನಾ ಬೆಳಗ್ಗೆ ಕಟ್ಟೆ ನೋಡಿ, ಇಳಿದಷ್ಟು ನೀರು ತುಂಬಿ ನನಗೆ ಫೋನು ಮಾಡುತ್ತಿದ್ದರು.

ನೀರು ಬಿಟ್ಟ ಮೇಲೆ ಸಣ್ಣ ಹರಳಿನ ಉಪ್ಪುಕಾಗದವನ್ನು ಒದ್ದೆ ಮಾಡಿ ಉಜ್ಜಿದೆವು. ಹಳೇ ಕಾಲದಂತೆ ಮೇಣ ಹಾಕಿ ಕನ್ನಡಿ ಮಾಡಬೇಕೆಂದು ಮೇಸ್ತ್ರಿಗೆ ಬಹಳ ಆಸೆ, ಅವರ ಕೈಕೆಲಸ ಅದರಲ್ಲೇ ಕಾಣುವುದು. ನಾನೇ ಬೇಡ ಎಂದೆ. ಮಂಚದಿಂದ ಬಚ್ಚಲಿಗೆ ಅಪ್ಪ ನಡೆಯುವ ದಾರಿ ಅದು, ಜಾರಬಾರದು. ಕೊಬ್ಬರಿ ಎಣ್ಣೆಯನ್ನು ಬಟ್ಟೆಗೆ ಮುಟ್ಟಿಸಿ ಅಂಚಿಗೆ ಮಾತ್ರ ಒರೆಸಿದರು. ವಾಕರ್ ಕಾಲಿನ ಸವೆದ ರಬ್ಬರು ಬೂಟುಗಳನ್ನೂ ಅದೇ ವಾರ ಬದಲಾಯಿಸಿದೆ.

ಒಟ್ಟು ಮೂರು ಮೂಟೆ ಸಿಮೆಂಟು, ಕೂಲಿ, ಪೈಪು ಎಲ್ಲ ಸೇರಿ 15,000 ರೂಪಾಯಿ ಒಳಗೆ ಆಯಿತು. ಹಿತ್ತಲ ಕಾಂಕ್ರೀಟಿನದು ಬೇರೆ.

ಯುಗಾದಿಯ ಹಿಂದಿನ ದಿನ ಮತ್ತೆ ದಾರ ಬಿಗಿದು ಹಿಂದಿನ ಅರ್ಧದ ಎಲ್ಲ ಕಡೆ ಅಳೆದೆ. ನೈರುತ್ಯ ಮೂಲೆ 986. ವಾಯುವ್ಯ 985. ಪಟ್ಟಿಯ ಕೆಳಗೆ ಅತಿ ಹೆಚ್ಚು ಬೆಳಕು ಕಂಡದ್ದು 2 ಮಿ.ಮೀ., ಕಪ್ಪು ಪಟ್ಟಿಯ ಪಕ್ಕದಲ್ಲಿ. ಬೀರು ಅದೇ ಜಾಗಕ್ಕೆ ಹೋಯಿತು, ಕಾಲಿಗೆ ರಟ್ಟು ಇಲ್ಲದೆ. ಅಪ್ಪ ಮೂಲೆಯವರೆಗೆ ನಡೆದು, ನಿಂತು, ವಾಕರ್ ಅನ್ನು ಬೇಕೆಂದೇ ಎರಡು ಸಲ ಅಲ್ಲಾಡಿಸಿ ನೋಡಿದರು. "ಕೂತದೆ ಕಣೋ" ಎಂದರು.

ಆಮೇಲೆ ಅಮ್ಮ ಒಂದು ಬಕೆಟ್ ನೀರು ಹಿಂದಿನ ಗೋಡೆಯ ಬುಡಕ್ಕೆ ಸುರಿದರು. ನೀರು ಹೊಸ ಕೆಂಪಿನ ಮೇಲೆ ಹರಡಿ, ಕಪ್ಪು ಪಟ್ಟಿ ದಾಟಿ, ಹಳೇ ಕೆಂಪಿನ ಮೇಲೆ ಹರಿದು ಹೊಸಿಲ ತೂತಿನ ಕಡೆ ಹೊರಟಿತು. ಪಟ್ಟಿಯ ಪಕ್ಕದ ಆ 2 ಮಿ.ಮೀ. ಜಾಗದಲ್ಲಿ ಅಂಗೈಯಗಲ ನೀರು ನಿಂತಿತು. ಅಮ್ಮ ಅದನ್ನು ಪೊರಕೆಯಲ್ಲಿ ತಳ್ಳಿದರು.